ಇನ್‌ಫ್ರಾರೆಡ್‌ನಲ್ಲಿ ಅರ್ಧ ನಿಮಿಷ

“ಇಬ್ರೂ ಅರ್ಧ ನಿಮಿಷ ಅಲ್ಲಾಡ್ಬೇಡಿ,” ಎಂದ, ಹೆಂಡತಿಯ ಕಾಲೇಜು ಗೆಳೆಯ, ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾದ ಲೆನ್ಸಿಗೆ ಕಪ್ಪು ಇನ್‌ಫ್ರಾರೆಡ್ ಫಿಲ್ಟರ್ ತಿರುಗಿಸಿ ಕೂರಿಸುತ್ತಾ. “ಮಾಮೂಲಿ ಕ್ಯಾಮೆರಾ ಸರ್, ಕಣ್ಣಿಗೆ ಕಾಣದ ಈ ಬೆಳಕನ್ನ ಸುಲಭಕ್ಕೆ ಒಳಗೆ ಬಿಟ್ಕೊಳ್ಳಲ್ಲ, ಅದಕ್ಕೇ ಇಷ್ಟು ಹೊತ್ತು. ಅಲ್ಲಾಡಿದೋರು ಫೋಟೋದಲ್ಲಿ ಉಳಿಯಲ್ಲ.”

ಪಾರ್ಕಿನ ಬೆಂಚಿನ ಮೇಲೆ ಹೆಂಡತಿ ಕಲ್ಲಿನ ಗೊಂಬೆಯಂತೆ ಕೂತಳು. ಮನೆಯಲ್ಲಿ ಗಂಡ ಫೋನ್ ಎತ್ತಿದರೆ ಸಾಕು, ‘ಬೇಗ ತೆಗೀರಿ, ಒಲೆ ಮೇಲೆ ಹಾಲಿದೆ’ ಎನ್ನುವವಳು! ಪಕ್ಕದಲ್ಲಿ ಕೂತ ಗಂಡನಿಗೆ ತಡೆಯಲಾಗಲಿಲ್ಲ. ಆ ಗೆಳೆಯನನ್ನೇ ನೋಡುತ್ತಿದ್ದಾಳಾ? ಅವಳ ಕಡೆ ತಿರುಗಿದ. ಅವನೇನಾದರೂ ನಗುತ್ತಿದ್ದಾನಾ? ಅವನ ಕಡೆ ತಿರುಗಿದ. ಮತ್ತೆ ಅವಳ ಕಡೆ.

ಶಟರ್ ಮುಚ್ಚಿತು. ಗೆಳೆಯ ಕ್ಯಾಮೆರಾ ಬಿಚ್ಚಿ ತಂದು ಅದರ ಪುಟ್ಟ ಪರದೆಯನ್ನು ಮುಂದೆ ಹಿಡಿದ. “ಸರ್, ನಿಮ್ ತಲೆ ಎಲ್ಲೋಯ್ತು?”

ಆ ಬೆಳಕಿಗೆ ಮರದ ಎಲೆಗಳೆಲ್ಲ ಹತ್ತಿ ಒಡೆದಂತೆ ಬೆಳ್ಳಗಿದ್ದವು. ಹೆಂಡತಿಯ ಕಿವಿಯೋಲೆಯೂ ಸ್ಪಷ್ಟವಾಗಿತ್ತು. ಗಂಡನ ಕತ್ತಿನ ಮೇಲೆ ಮಾತ್ರ ಬರೀ ಹೊಗೆ. ನಾಚಿಕೆಯಿಂದ ಕೆಳಗಿಳಿದ ಅವನ ಕಣ್ಣು ಪರದೆಯ ಕೆಳಗಡೆ ನಿಂತಿತು. ಚಿತ್ರದಲ್ಲಿ, ಅವನ ಮುಂಗೈ ಮೇಲೆ ಅವಳ ಕೈ ಇತ್ತು. ಬೆರಳು ಬೆರಳೂ ಸ್ಪಷ್ಟವಾಗಿ, ಒಂಚೂರೂ ಅಲುಗದೆ.

ಅದನ್ನು ಯಾವಾಗ ಇಟ್ಟಳೋ, ಅವನಿಗೆ ಗೊತ್ತೇ ಆಗಿರಲಿಲ್ಲ.