ಸೈಕಲ್ ಜೊತೆಯಾದ ರವಿವಾರ

ಹುಬ್ಬಳ್ಳಿಯ ಓಣಿಗಳು ಪ್ರತಿ ರವಿವಾರ ಬೆಳಿಗ್ಗೆ ಎಂಟರ ಸೈರನ್ ಕೂಗುತ್ತಲೇ ಜಾಗ ಬದಲಿಸುತ್ತಿದ್ದವು. ಜನ ಹಾಲಿನವನಿಗೆ ಹೊಸ ದಾರಿ ಹೇಳಿ ಸುಮ್ಮನಾಗುತ್ತಿದ್ದರು. ಹೀಗೇ ಒಂದು ರವಿವಾರ, ಕೋಚ್ ಬೆಳವಡಿ ಸರ್ ಒಬ್ಬರೇ ವಾಸವಿದ್ದ ಕುಂಬಾರ ಓಣಿ ಎತ್ತಲೋ ಹೋಗಿಬಿಟ್ಟಿತು. ಅಂದಿನಿಂದ ಅವರ ಶಿಷ್ಯೆ ಶಕೀಲಾ ಮ್ಯಾರಥಾನ್‌ಗೆ ಒಬ್ಬಳೇ ಓಡಿ ಅಭ್ಯಾಸ ಮಾಡುತ್ತಿದ್ದಳು.

ಎಂಟು ತಿಂಗಳ ಮೇಲೆ, ರವಿವಾರ ಎಂಟಕ್ಕೆ ಹತ್ತು ನಿಮಿಷವಿದ್ದಾಗ, ಇಪ್ಪತ್ತೇಳನೆಯ ಕಿಲೋಮೀಟರ್‌ನಲ್ಲಿ ಅವಳಿಗೆ ಕುಂಬಾರ ಓಣಿ ಎದುರಾಯಿತು. ಸರ್ ಕಟ್ಟೆಯ ಮೇಲೆ ಕೂತಿದ್ದರು.

"ನಿಂದ್ರಬ್ಯಾಡ, ಕಾಲು ಹಿಡಕೋತಾವ," ಎನ್ನುತ್ತ ಸೈಕಲ್ ಹತ್ತಿ ಪಕ್ಕದಲ್ಲಿ ಬಂದರು. "ಇನ್ನೆಷ್ಟೈತಿ?"

"ಹದಿನೈದು, ಸರ್. ಮೂವತ್ತು ಆದಮ್ಯಾಲ ಯಾವಾಗ್ಲೂ ಬಿಟ್ಟುಬಿಡ್ತೀನಿ. ಒಬ್ಬಾಕಿಗೆ ಆಗವಲ್ದು."

ಸರ್ ಅವಳ ವೇಗಕ್ಕೆ ಸರಿಯಾಗಿ ಪೆಡಲ್ ತುಳಿದರು. ಓಣಿಯ ಕೊನೆ ಬಂದಾಗ ಎಂಟಕ್ಕೆ ಐದು ನಿಮಿಷವಿತ್ತು.

"ಹೊಳ್ಳಿ ಹೋಗ್ರಿ ಸರ್. ಮನಿ ಮತ್ತ ಯಾವಾಗ ಸಿಗತೈತೋ!"

"ಮಾತಾಡಿ ಉಸಿರು ಹಾಳ ಮಾಡ್ಕೋಬ್ಯಾಡ."

ಓಣಿ ಹಿಂದೆ ಉಳಿದ ಮೇಲೆ ಎಂಟರ ಸೈರನ್ ಕೂಗಿತು. ಇಬ್ಬರೂ ತಿರುಗಿ ನೋಡಲಿಲ್ಲ.

ನಲವತ್ತೆರಡು ಕಿಲೋಮೀಟರ್ ಮುಗಿಸಿ, ತನ್ನ ಓಣಿಯನ್ನು ಹುಡುಕಿಕೊಂಡು ಬಂದು ಶಕೀಲಾ ಮನೆಯ ಮುಂದೆ ಕುಸಿದು ಕೂತಳು. ಸರ್ ಸೈಕಲನ್ನು ಗೋಡೆಗೆ ಒರಗಿಸಿ, ಓಣಿಯನ್ನು ಒಮ್ಮೆ ನೋಡಿ ಕೇಳಿದರು:

"ಇಲ್ಲೆ ಎಲ್ಲೆರ ಒಂದು ಖೋಲಿ ಬಾಡಿಗಿಗೆ ಸಿಗತೈತೇನವಾ?"