ಅಡ್ಡಗೆರೆಯ ಸೀರೆ

ಲಗಮಣ್ಣ ಸಾವ್ಕಾರ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಅದರಲ್ಲಿ ಅಡ್ಡ ಬಿದ್ದ ಗೆರೆಗಳನ್ನು ಹೊಳಬಸಪ್ಪನಿಗೆ ತೋರಿಸಿದ. ಬನಹಟ್ಟಿಯ ಲಗಮಣ್ಣನ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಹೊಳಬಸಪ್ಪ ನೇಯ್ದ ಸೀರೆಯನ್ನು ಇದುವರೆಗೆ ಯಾರೂ ಬಿಚ್ಚಿ ನೋಡಿರಲಿಲ್ಲ. ಮಡಿಸಿದ್ದು ಮಡಿಸಿದಂತೆಯೇ ವ್ಯಾಪಾರಿಗೆ ಹೋಗುತ್ತಿತ್ತು.

"ಮಗ್ಗ ಭಾಳ ಸಲ ನಿಂತೈತಿ. ನಿಂತಲ್ಲೆಲ್ಲಾ ಗೆರಿ ಎದ್ದೈತಿ," ಎಂದ ಲಗಮಣ್ಣ. "ಏನಾಗೇತೋ ನಿನಗ? ನಿನ್ನೆ ಕಲ್ಯಾಕ ಬಂದವ್ರಂಗ."

ಹೊಳಬಸಪ್ಪ ತಿರುಗಿ ಹೋಗಿ ಮಗ್ಗ ಚಾಲೂ ಮಾಡಿದ. ಅಪ್ಪನಿಗೆ ಊಟದ ಡಬ್ಬಿ ತಂದಿದ್ದ ಮಗಳು ಪ್ರೀತಿಗೂ ಆಶ್ಚರ್ಯವಾಯಿತು. ಅವಳು ಜಮಖಂಡಿಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಈ ಹೊತ್ತು ರಜೆ. ಏನನ್ನೋ ಹೇಳಲು ಹೊರಟವಳ ಕಣ್ಣು ಗೋಡೆಯ ಮೊಳೆಯತ್ತ ಹೋಯಿತು. ಅಲ್ಲಿ ತೆಳು ಪ್ಲಾಸ್ಟಿಕ್ ಚೀಲದಲ್ಲಿ ತೂಗುಹಾಕಿದ್ದ ಫೋನಿನ ಫ್ಲ್ಯಾಶ್ ಮಿಂಚತೊಡಗಿತ್ತು. ಅಪ್ಪ ಲಗುಬಗೆಯಿಂದ ಮಗ್ಗ ನಿಲ್ಲಿಸಿದ, ಹೋಗಿ ನೋಡಿದ, ಯಾವುದೋ ಕಂಪನಿಯ ಕರೆಯೆಂದು ಕೈಯಾಡಿಸಿ ತಿಳಿಸಿದ, ಬಂದು ಮತ್ತೆ ಮಗ್ಗ ಚಾಲೂ ಮಾಡಿದ. ಪ್ರೀತಿಗೆ ಗೆರೆಯ ಮೂಲ ಸಿಕ್ಕಿತು. ಆ ಫೋನು ಅವಳೇ ತಂದುಕೊಟ್ಟದ್ದು.

ಅವ್ವ ಇಂದ್ರವ್ವ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಒಮ್ಮೊಮ್ಮೆ ಸಕ್ಕರೆ ಏಕಾಏಕಿ ಇಳಿದು ಕೈಕಾಲು ನಡುಗುತ್ತವೆ. ಆಗ ಅವಳು ಮಾಡಬಲ್ಲದ್ದು ಗಂಡನಿಗೊಂದು ಫೋನು. ಮನೆ ಶೆಡ್ಡಿನ ಹಿಂದಿನ ಓಣಿಯಲ್ಲೇ ಇದೆ. ಮಗ್ಗಗಳ ಸದ್ದಿನಲ್ಲಿ ರಿಂಗು ಕೇಳುವುದಿಲ್ಲ. ಜೇಬಿನಲ್ಲಿಟ್ಟುಕೊಂಡರೆ ನಡುಗುತ್ತಿರುವುದು ಫೋನೋ ನೆಲವೋ ತಿಳಿಯುವುದಿಲ್ಲ. ಅದಕ್ಕೆಂದೇ ಪ್ರೀತಿ ಅಪ್ಪನ ಹಳೆಯ ಆಂಡ್ರಾಯ್ಡ್ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು: ಅವ್ವ ಕರೆದರೆ ಪರದೆಯೆಲ್ಲ ಕೆಂಪು, ಉಳಿದವರು ಕರೆದರೆ ಬಿಳಿ. ಅದು ಸಾಲದೆಂದು ಇನ್ನೂ ಹತ್ತೆಂಟು ಆ್ಯಪ್ ತುಂಬಿದ್ದಳು. ಆ ಭಾರಕ್ಕೆ ಹಳೆಯ ಫೋನು ಒಂದು ದಿನ ಹ್ಯಾಂಗ್ ಆಗಿ ಕೂತಿತು. ಅವತ್ತೇ ಅವ್ವ ಕರೆದಿದ್ದಳು. ಪಕ್ಕದ ಮನೆಯ ಕರೆವ್ವ ಕಡ ಕೇಳಲು ಬಂದವಳು ಅಡುಗೆಮನೆಯಲ್ಲಿ ಬಿದ್ದಿದ್ದ ಅವ್ವನನ್ನು ನೋಡಿರದಿದ್ದರೆ ಏನಾಗುತ್ತಿತ್ತೋ.

ಬೇಕಾದಂತೆ ಬದಲಿಸಿಕೊಳ್ಳಬೇಕಾದರೆ ಆಂಡ್ರಾಯ್ಡ್, ತಾಪತ್ರಯ ಬೇಡವೆಂದರೆ ಐಫೋನ್ ಎಂದು ಗಿರಾಕಿಗಳಿಗೆ ದಿನವೂ ಒಪ್ಪಿಸುತ್ತಿದ್ದ ಮಾತನ್ನು ಆ ವಾರ ಪ್ರೀತಿ ತನಗೇ ಹೇಳಿಕೊಂಡಳು. ಅಂಗಡಿಗೆ ಬಂದಿದ್ದ ಸೆಕೆಂಡ್ ಹ್ಯಾಂಡ್ ಐಫೋನ್ ತಂದುಕೊಟ್ಟಳು. ಅದು ಒಮ್ಮೆಯೂ ಹ್ಯಾಂಗ್ ಆಗಲಿಲ್ಲ. ಆದರೆ ಕರೆ ಬಂದಾಗ ಮಿಂಚುವ ಅದರ ಫ್ಲ್ಯಾಶಿಗೆ ಅವ್ವನೂ ಒಂದೇ, ಊರೂ ಒಂದೇ.

ಅಪ್ಪನನ್ನು ಫೋನಿನ ಸಮೇತ ಹೊರಗೆ ಕರೆದು, ಯಾಕೆ ಹೇಳಲಿಲ್ಲವೆಂದು ಕೇಳಿದಳು.

"ನೀ ಅಷ್ಟ ಹೌಸಿಲೆ, ಆಸೆಪಟ್ಟು ತಂದಿದ್ದಿ," ಎಂದ ಹೊಳಬಸಪ್ಪ.

"ಹಳೇದನ್ನ ಖಾಲಿ ಮಾಡಿ ಕೊಡ್ತೇನಪಾ. ಅದರಾಗ ಅವ್ವಂದು ಕೆಂಪಗ ಕಾಣ್ತಿತ್ತು."

"ಬ್ಯಾಡವಾ. ಇದು ಸುಳ್ಳ ಸುಳ್ಳ ಕರೀತೈತಿ, ಕರೀಲಿ. ಅದು ಖರೇನ ಕರಿಯೂ ಹೊತ್ತಿಗೆ ಸುಮ್ಮ ಕುಂತಿತ್ತು."

ಪ್ರೀತಿ ಫೋನನ್ನು ಕೈಗೆ ತೆಗೆದುಕೊಂಡಳು. ಫೋನಿಗೆ ಇನ್ನೂ ಏನೇನು ಸೇರಿಸಬಹುದು ಎಂದು ಅಂಗಡಿಯಲ್ಲಿ ಎಲ್ಲರೂ ಕೇಳುತ್ತಿದ್ದರು; ಏನೇನು ತೆಗೆಯಬಹುದು ಎಂದು ಯಾರೂ ಕೇಳಿರಲಿಲ್ಲ. ಸೆಟ್ಟಿಂಗಿಗೆ ಹೋಗಿ, ಒಬ್ಬರ ಕರೆಯನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲವನ್ನೂ ಬಂದ್ ಮಾಡಿದಳು. ಸಾವ್ಕಾರ್ರು ಕರೆದರೆ ಎಂದು ಅಪ್ಪ ಕೇಳಿದ. ಅವರು ಕಣ್ಣೆದುರೇ ಇರುತ್ತಾರಲ್ಲ ಎಂದಳು.

"ನೀ ಕರದ್ರ?"

"ನಂದೂ ಬರೂದಿಲ್ಲ. ಮಿಂಚಿತಂದ್ರ ಅವ್ವನ. ಯಾರಂತ ನೋಡಾಕ ಹೋಗಬ್ಯಾಡ, ಸೀದಾ ಮನಿಗಿ ಓಡು."

ಅಪ್ಪ ಫೋನನ್ನು ಮತ್ತೆ ಮೊಳೆಗೆ ತೂಗುಹಾಕಿ ಮಗ್ಗಕ್ಕೆ ಮರಳಿದ ಮೇಲೆ ಪ್ರೀತಿ ಬಾಗಿಲಲ್ಲೇ ನಿಂತು ಪರೀಕ್ಷೆ ಮಾಡಿದಳು. ತಾನು ಕರೆದಾಗ ಮೊಳೆಯ ಮೇಲಿನ ಫೋನು ಮಿಸುಕಲಿಲ್ಲ. ಅವ್ವನಿಗೆ ಫೋನು ಮಾಡಿ, ಅಪ್ಪನಿಗೊಮ್ಮೆ ಕರೆ ಹಚ್ಚು ಎಂದಳು. ಫ್ಲ್ಯಾಶ್ ಮಿಂಚಿತು. ಇದು ಪರೀಕ್ಷೆ ಎಂದು ಅಪ್ಪನಿಗೆ ಹೇಳಿಯೇ ಇಲ್ಲವೆಂಬುದು ಅವಳಿಗೆ ಹೊಳೆಯುವಷ್ಟರಲ್ಲಿ ಹೊಳಬಸಪ್ಪ ಮಗ್ಗ ನಿಲ್ಲಿಸಿ, ಚಪ್ಪಲಿಯನ್ನೂ ಮೆಟ್ಟದೆ ಅವಳ ಪಕ್ಕದಿಂದಲೇ ದಾಟಿ ಓಣಿಯ ತಿರುವಿನಲ್ಲಿ ಮರೆಯಾಗಿದ್ದ.

"ಅಪ್ಪನ್ನ ಓಡಸ್ತಿಯೇನಬೇ?" ಎಂದು ಲಗಮಣ್ಣ ನಕ್ಕ. ಆ ಗೆರೆಯ ಸೀರೆ ವ್ಯಾಪಾರಿಗೆ ನಡೆಯುವುದಿಲ್ಲ, ನಿಮ್ಮವ್ವನಿಗಿರಲಿ ಎಂದು ಅವಳ ಕೈಯಲ್ಲಿಟ್ಟ.

ಪ್ರೀತಿ ಮನೆ ಮುಟ್ಟಿದಾಗ ಅಪ್ಪ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಅವ್ವ ನೀರಿನ ತಂಬಿಗೆ ಹಿಡಿದುಕೊಂಡು, ವಯಸ್ಸಿಗೆ ತಕ್ಕ ಬುದ್ಧಿ ಬೇಡವೇ ಎಂದು ಬೈಯುತ್ತಿದ್ದಳು. ಮಗಳು ಸೀರೆ ಬಿಚ್ಚಿ ತೋರಿಸಿ, ಗೆರೆಗಳ ಕತೆ ಹೇಳಿದಳು. ಇಂದ್ರವ್ವ ಬೈಯುವುದನ್ನು ನಿಲ್ಲಿಸಿದಳು. ಒಂದು ಗೆರೆಯ ಮೇಲೆ ಬೆರಳಿಟ್ಟು, "ಇದೂ ನಾ ಕರದೆ ಅಂತ ನಿಂತದ್ದೇನ್ರಿ?" ಎಂದಳು. ಹೊಳಬಸಪ್ಪ ತಂಬಿಗೆ ಎತ್ತಿ ನೀರು ಕುಡಿದ.

ಮರುದಿನ ಇಂದ್ರವ್ವ ಆ ಸೀರೆಯನ್ನೇ ಉಟ್ಟುಕೊಂಡು ಅಂಗಳಕ್ಕೆ ಬಂದಳು. ಕರೆವ್ವ ಸೆರಗು ಹಿಡಿದು ನೋಡಿ, ನೇಕಾರರ ಮನೆಯಲ್ಲೇ ಇಂಥ ಕೆಟ್ಟ ಸೀರೆಯೇ ಎಂದಳು.

"ಕೆಟ್ಟಿಲ್ಲಬೇ," ಎಂದು ಇಂದ್ರವ್ವ ಗೆರೆ ಒತ್ತಾಗಿದ್ದ ಭಾಗವನ್ನೇ ಭುಜದ ಮೇಲೆ ಎಳೆದುಕೊಂಡಳು. "ನಮ್ಮವರು ಅಲ್ಲಲ್ಲಿ ನಿಂತು ನೋಡ್ಯಾರ, ಅಷ್ಟ."