ಕನ್ನಡ ಬಾರದ ಫಾದರ್

ತೆಲುಗು ಊರಿನ ಚರ್ಚಿನಲ್ಲಿ, ಪಾಪನಿವೇದನೆ ಕೇಳಲು ಕೂತ ಕನ್ನಡದ ಫಾದರ್ ಮುಂದೆ ಇಬ್ಬರೇ ಇದ್ದರು. ಆದರೂ ಜಸಿಂತಾ ಹೋಗಿ ನಿಂತದ್ದು ಫಾದರ್ ಇನ್ನಯ್ಯನವರ ಉದ್ದನೆಯ ಸಾಲಿನ ಕೊನೆಗೆ.

"ಆ ಕಡೆ ಹೋಗು," ಎಂದ ಗಂಡ ಅರವಿಂದ್. "ತಪಸ್ಸುಕಾಲದಾಗ ನಮ್ಮಂಥೋರು ಕನ್ನಡದಾಗ ಪಾಪನಿವೇದನೆ ಮಾಡ್ಲಿ ಅಂತ ಅವರನ್ನ ಕಲಬುರ್ಗಿಯಿಂದ ಕರಿಸ್ಯಾರ."

"ನನಗ ಇವರ ರೂಢಿ ಆಗೇತ್ರಿ. ನೀವು ಪಾಳಿಗೆ ನಡೀರಿ, ಹೊತ್ತಾತು."

ಅರವಿಂದ್ ಸನತ್‌ನಗರದ ಕಾರ್ಖಾನೆಗೆ ಹೊರಟುಹೋದ.

ರೂಢಿ ಎಂಬುದು ಬರೀ ನೆಪ. ಫಾದರ್ ಇನ್ನಯ್ಯ ಬಾಯಿಬಿಟ್ಟರೆ ತೆಲುಗು. ಕನ್ನಡದ ಗಂಧಗಾಳಿ ಇಲ್ಲ. ಅದಕ್ಕೆಂದೇ ಅವರನ್ನು ಆರಿಸಿಕೊಂಡಿದ್ದಳು. ಪ್ರತಿ ವರ್ಷ ತಪಸ್ಸುಕಾಲದ ಉಪವಾಸದ ದಿನಗಳಲ್ಲಿ, ಫಾದರ್ ಮರೆಯಾಗಿ ಕೂರುವ ಜಾಲರಿಯ ಈಚೆ ಮೊಣಕಾಲೂರಿ, ತನ್ನ ಪಾಪವನ್ನು ಕನ್ನಡದಲ್ಲಿ ಗಡಗಡನೆ ಹೇಳಿಬಿಡುತ್ತಿದ್ದಳು. ಅವರು ತೆಲುಗಿನಲ್ಲಿ ಕ್ಷಮಾಪಣೆಯ ಪ್ರಾರ್ಥನೆ ಹೇಳಿ, ಜಪ ಮಾಡು, ಉಪವಾಸವಿರು, ದೊಡ್ಡಾಸ್ಪತ್ರೆಗೆ ಹೋಗಿ ದಿಕ್ಕಿಲ್ಲದ ಮುದುಕಿಯರ ಸೇವೆ ಮಾಡು ಎನ್ನುತ್ತಿದ್ದರು. ಎಲ್ಲರಿಗೂ ಇದನ್ನೇ ಹೇಳುತ್ತಾರೆಂದುಕೊಂಡು ಮಾಡಿ ಬರುತ್ತಿದ್ದಳು. ದೇವರಿಗೆ ಹೇಳಿದಂತೆಯೂ ಆಯಿತು, ಮನುಷ್ಯರಿಗೆ ತಿಳಿಯದಂತೆಯೂ ಆಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಲೆಕ್ಕ.

ಆದರೆ ಸದ್ದು ನಿಲ್ಲಲಿಲ್ಲ.

ಟಣ್, ಟಣ್. ಕಬ್ಬಿಣದ ಮಂಚಕ್ಕೆ ಸ್ಟೀಲಿನ ಲೋಟ ಬಡಿಯುವ ಸದ್ದು. ಹಾಸಿಗೆ ಹಿಡಿದಿದ್ದ ಅತ್ತೆ ನೀರು ಬೇಕಾದಾಗ ಹಾಗೆ ಬಡಿಯುತ್ತಿದ್ದಳು. ಒಂದು ಬೇಸಿಗೆಯ ಮಧ್ಯಾಹ್ನ ಬಹಳ ಹೊತ್ತು ಬಡಿದಳು. ಹೇಸಿಗೆ ಬಳಿದು ಬಳಿದು ಸೋತಿದ್ದ ಜಸಿಂತಾ ಪಕ್ಕದ ಕೋಣೆಯಲ್ಲಿ ಎಚ್ಚರವಾಗಿಯೇ ಮಲಗಿದ್ದಳು. ಬಡಕೋ, ಎಷ್ಟು ಬಡಕೋತಿ ಬಡಕೋ ಅಂದುಕೊಂಡಳು. ಸದ್ದು ನಿಂತಾಗ ಹಾಯೆನಿಸಿತ್ತು. ಎದ್ದು ನೋಡಿದರೆ ಅತ್ತೆಯ ಬಾಯಿ ತೆರೆದೇ ಇತ್ತು.

ಗಂಡನಿಗೆ ಇಂದಿಗೂ ಗೊತ್ತಿಲ್ಲ. ಮಂಚವನ್ನು ಗುಜರಿಗೆ ಹಾಕಿದ್ದಾಯಿತು. ಆದರೂ ಮಧ್ಯಾಹ್ನವಾದರೆ ಲೋಟ ಬಡಿಯುತ್ತದೆ, ಜಸಿಂತಾಳ ಗಂಟಲಲ್ಲಿ ನೀರು ಇಳಿಯುವುದಿಲ್ಲ. ಡಾಕ್ಟರು ಏನೂ ಇಲ್ಲ ಎನ್ನುತ್ತಾರೆ.

ಏನೆಂದು ಆಕೆಗೆ ಗೊತ್ತು. ತಿಳಿಯದವರಿಂದ ಪಡೆದ ಕ್ಷಮೆ ಕದ್ದ ಕ್ಷಮೆ; ಅದು ದಕ್ಕಲಿಲ್ಲ. ಮೋಸ ಹೋದವರು ಫಾದರ್ ಇನ್ನಯ್ಯ. ಅವರಿಗೇ, ಅವರಿಗೆ ತಿಳಿಯುವ ಹಾಗೆ ಈ ಸಲ ಹೇಳಬೇಕು. ಕ್ಷಮಿಸುವುದಿಲ್ಲ ಎಂದುಬಿಟ್ಟರೆ?

ಸರದಿ ಬಂತು. ಮೊಣಕಾಲೂರಿದಳು. ತರಕಾರಿ ಕೊಳ್ಳುವಷ್ಟು ತೆಲುಗು ಬರುತ್ತಿತ್ತು, ಅದರಲ್ಲೇ ಹೇಳಬೇಕು.

"ಅತ್ತಮ್ಮ ನೀಳ್ಳು ಅಡಿಗಿಂದಿ, ಫಾದರ್. ನೇನು ಇವ್ವಲೇದು."

ನೀರು ಕೇಳಿದಳು, ಕೊಡಲಿಲ್ಲ. ಇಷ್ಟು ವರ್ಷ ನಿಮಗೆ ತಿಳಿಯಬಾರದೆಂದೇ ಕನ್ನಡದಲ್ಲಿ ಹೇಳಿದೆ ಎಂಬುದನ್ನೂ ತಡವರಿಸುತ್ತ ಹೇಳಿ ಮುಗಿಸಿದಳು. ದುಃಖ ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಜಾಲರಿಯ ಆಚೆ ಕುರ್ಚಿ ಸರಿದ ಸದ್ದಾಯಿತು. ತನಗಿನ್ನು ಕ್ಷಮೆಯಿಲ್ಲ ಎಂದುಕೊಂಡಳು.

"ಅಳಬ್ಯಾಡವಾ," ಎಂದರು ಫಾದರ್ ಇನ್ನಯ್ಯ. "ನಮ್ಮವ್ವ ರಾಯಚೂರಾಕಿ. ನನಗ ತಿಳೀತೈತಿ ಅಂದ್ರ ನೀ ಬಾಯಿ ಬಿಡೂದಿಲ್ಲ ಅಂತ ಸುಮ್ಮನಿದ್ದೆ. ಆದ್ರ ವರ್ಷಾ ವರ್ಷಾ ಕ್ಷಮಾ ಕೊಟ್ಟದ್ದು, ಎಲ್ಲಾ ತಿಳದೇ ಕೊಟ್ಟೀನಿ."